ಬುಟ್ಟಿ ಬಾರದೆ ಮುಗಿಯದ ಗುತ್ತಿಗೆ

ಯಾವ ಕೆಲಸವನ್ನಾದರೂ ಶುರು ಮಾಡು ಅಂದರೆ ನಾನು ಸೆರಗು ಸಿಕ್ಕಿಸಿಕೊಂಡು ನಿಂತುಬಿಡುತ್ತೇನೆ; ಮುಗಿಸು ಅಂದರೆ ಮಾತ್ರ ಕೈಕಾಲು ಆಡುವುದಿಲ್ಲ. ಇದು ನನ್ನ ಹುಟ್ಟುಗುಣ. ನೆಂಟರ ಮನೆಗೆ ಹೋದರೆ ಒಳಗೆ ಕೂತು ಆಡಿದ ಮಾತಿಗಿಂತ, ಹೊರಟು ಗೇಟಿನ ಹತ್ತಿರ ನಿಂತು ಆಡುವ ಮಾತೇ ಹೆಚ್ಚು. ಅಷ್ಟು ಹೊತ್ತಿಗೆ ನಮ್ಮ ಮನೆಯವರು ಸ್ಕೂಟರಿನ ಮೇಲೆ ಹೆಲ್ಮೆಟ್ ಹಾಕಿಕೊಂಡು ಕೂತು, ಬೆವೆತು, ಹೆಲ್ಮೆಟ್ ತೆಗೆದು, ಮತ್ತೆ ಒಳಗೆ ಹೋಗಿ ನೀರು ಕುಡಿದು ಬಂದಿರುತ್ತಾರೆ. ಫೋನಿನಲ್ಲಿ "ಸರಿ, ಇಡ್ಲಾ?" ಅಂದ ಮೇಲೆಯೇ ನನಗೂ ನನ್ನ ತಂಗಿಗೂ ನಿಜವಾದ ವಿಷಯ ನೆನಪಾಗುವುದು. ಉಪ್ಪಿನಕಾಯಿ ಜಾಡಿಯ ತಳದಲ್ಲಿ ಒಂದು ಹೋಳು ಯಾವಾಗಲೂ ಉಳಿದಿರುತ್ತದೆ. ಅದನ್ನೂ ತಿಂದರೆ ಜಾಡಿ ಖಾಲಿಯಾಗಿಬಿಡುತ್ತದಲ್ಲ ಅನ್ನುವ ಸಂಕಟಕ್ಕೆ ಅದು ಹಾಗೇ ಕೂತಿದ್ದು, ಮುಂದಿನ ವರ್ಷದ ಉಪ್ಪಿನಕಾಯಿಯನ್ನು ಎದುರುಗೊಳ್ಳುತ್ತದೆ. ಇಂಥವಳ ಕೈಗೆ ಈ ವರ್ಷ, ಪ್ರತಿಯೊಂದಕ್ಕೂ ಮುಕ್ತಾಯದ ದಿನಾಂಕ ಕೇಳುವ ಒಂದು ಸಾಫ್ಟ್‌ವೇರ್ ಕೊಟ್ಟರು.

ನಾನು ಕೋಲಾರದಿಂದ ದಿನಾ ಬಸ್ಸು ಹಿಡಿದು ಶ್ರೀನಿವಾಸಪುರಕ್ಕೆ ಹೋಗಿ, ಚೌಡಪ್ಪನವರ ಮಾವಿನ ಮಂಡಿಯ ಆಫೀಸು ನೋಡಿಕೊಳ್ಳುವವಳು. ಆಫೀಸು ಅಂದರೆ ದೊಡ್ಡದೇನಲ್ಲ; ಒಂದು ಮೇಜು, ಒಂದು ಫ್ಯಾನು, ಎಲ್ಲ ಕಡೆಯೂ ಮಾವಿನ ವಾಸನೆ. ಮಾವಿನ ಕಾಲ ಬಂತೆಂದರೆ ನಮ್ಮ ಸೀರೆ, ಕಾಗದ, ಕಾಫಿ ಲೋಟ ಎಲ್ಲವೂ ಅದೇ ವಾಸನೆ ಹೊಡೆಯುತ್ತವೆ. ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಒಂದು ಸಲ ಮೂಗು ಎಳೆದು, "ಬಾದಾಮಿ ಬಂತಾ ಆಗ್ಲೇ?" ಎಂದು ಕೇಳುತ್ತಾರೆ. ಚೌಡಪ್ಪನವರ ವ್ಯಾಪಾರ ನಡೆಯುವುದೆಲ್ಲ ತೋಟದ ಗುತ್ತಿಗೆಯ ಮೇಲೆ. ಮರ ಹೂ ಬಿಟ್ಟಾಗ ಅವರು ತೋಟಕ್ಕೆ ಹೋಗುತ್ತಾರೆ. ಮರಮರದ ಕೆಳಗೂ ತಲೆಯೆತ್ತಿ ಓಡಾಡುತ್ತಾರೆ. ಆಮೇಲೆ ತೋಟದವರ ಜೊತೆ ನೆರಳಿನಲ್ಲಿ ಕೂತು, ಎಲೆ ಅಡಿಕೆ ಕೊಟ್ಟು, ಮುಂಗಡ ಕೈಗಿಡುತ್ತಾರೆ. ಅಲ್ಲಿಗೆ ಆ ವರ್ಷದ ಫಸಲು ನಮ್ಮದು. ಔಷಧಿ ಹೊಡೆಸುವುದು, ಕಾವಲಿಡುವುದು, ಕಾಯಿ ಇಳಿಸುವುದು ಎಲ್ಲ ನಮ್ಮ ಪಾಲಿನ ಕೆಲಸ. ಮುಗಿಯುವುದಕ್ಕೂ ಒಂದು ಕ್ರಮವಿದೆ. ಕೊನೆಯ ಮರ ಇಳಿಸಿದ ದಿನ, ಆ ಮರದ್ದೇ ಹಣ್ಣು ತುಂಬಿದ ಒಂದು ಬಿದಿರು ಬುಟ್ಟಿ ತೋಟದವರ ಮನೆಗೆ ಹೋಗಬೇಕು. ಬುಟ್ಟಿ ಮನೆ ಸೇರಿತೆಂದರೆ ತೋಟ ಮತ್ತೆ ಅವರದು. ಚೌಡಪ್ಪನವರ ತಂದೆಯ ಕಾಲದಿಂದ ಹೀಗೇ ನಡೆದು ಬಂದಿದೆ. ಇದನ್ನು ಯಾರೂ ಯಾವ ಕಾಗದದ ಮೇಲೂ ಬರೆದಿರಲಿಲ್ಲ. ಕಾಗದ ಅಂತ ಇದ್ದದ್ದಾದರೂ ಏನು? ಆಧಾರ್ ಜೆರಾಕ್ಸು, ಪಹಣಿ, ಕ್ಯಾಲೆಂಡರಿನ ಹಾಳೆಯ ಹಿಂದೆ ಗೀಚಿದ ನಾಲ್ಕು ಸಾಲು. ಅವನ್ನು ನಾನು ಹೋಬಳಿವಾರು ಮಿಠಾಯಿ ಡಬ್ಬಗಳಲ್ಲಿ ಹಾಕಿಟ್ಟಿದ್ದೆ. ಮೈಸೂರುಪಾಕಿನ ಡಬ್ಬ ಬೈರಕೂರಿನದು, ಸೋನ್‌ಪಾಪಡಿ ಡಬ್ಬ ಹುತ್ತೂರಿನದು.

ಈ ಸುಖಕ್ಕೆ ಕೊನೆ ಬಂದದ್ದು ಬೆಂಗಳೂರಿನಿಂದ ಹೊಸ ಗಿರಾಕಿಗಳು ಬಂದ ಮೇಲೆ. ಅವರು ದೊಡ್ಡ ಅಂಗಡಿಗಳಿಗೆ ಹಣ್ಣು ಒದಗಿಸುವವರು. ಯಾವ ಹಣ್ಣು ಯಾವ ತೋಟದ್ದು, ಆ ತೋಟದ ಜೊತೆ ನಿಮ್ಮ ಕರಾರು ಏನು, ಎಲ್ಲವೂ ಕೇಳಿದ ತಕ್ಷಣ ಕಂಪ್ಯೂಟರಿನಲ್ಲಿ ಸಿಗಬೇಕು ಅಂದರು. ಚೌಡಪ್ಪನವರು ನನ್ನ ಮಿಠಾಯಿ ಡಬ್ಬಗಳ ಕಡೆ ನೋಡಿದರು. ನಾನು ಫ್ಯಾನಿನ ಕಡೆ ನೋಡಿದೆ. ಶಿವರಾತ್ರಿ ಕಳೆಯುವಷ್ಟರಲ್ಲಿ ಕರಾರು ನಿರ್ವಹಣೆಯ ಸಾಫ್ಟ್‌ವೇರ್ ಬಂತು. ಕಲಿಸಿಕೊಡಲು ಅದರ ಹಿಂದೆ ಮೇಘನಾ ಅನ್ನುವ ಹುಡುಗಿಯೂ ಬಂದಳು.

ಮೇಘನಾ ಬಂದ ದಿನ ನನ್ನನ್ನು "ಮ್ಯಾಮ್" ಅಂದಳು. ನಾನು ತಂದಿದ್ದ ಚಿತ್ರಾನ್ನದಲ್ಲಿ ಅವಳಿಗೂ ಪಾಲು ಕೊಟ್ಟ ಮೇಲೆ "ಆಂಟಿ" ಅಂದಳು. ಅಲ್ಲಿಂದ ಪಾಠ ಸಲೀಸಾಯಿತು. "ಮೊದಲು ಅಭ್ಯಾಸಕ್ಕೆ ನಿಮ್ಮದೇ ಹೆಸರು ಹಾಕಿ ಆಂಟಿ, ಸಿಬ್ಬಂದಿ ಕರಾರು ಅಂತ" ಎಂದಳು. ಹಾಕಿದೆ. ಸುಶೀಲಾ, ಆಫೀಸು ಕೆಲಸ, ನನ್ನದೇ ಮೊಬೈಲ್ ನಂಬರು. ಮುಕ್ತಾಯದ ದಿನ ಕೇಳಿತು. ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ಕಣ್ಣಿಗೆ ಬಿದ್ದ ಭೀಮನ ಅಮಾವಾಸ್ಯೆ ಹಾಕಿದೆ; ಅಷ್ಟು ಹೊತ್ತಿಗೆ ಹೇಗೂ ಮಾವು ಮುಗಿದಿರುತ್ತದೆ. ಮೇಘನಾ ಚಪ್ಪಾಳೆ ತಟ್ಟಿದಳು. "ಸೂಪರ್ ಆಂಟಿ. ಇದನ್ನ ಆಮೇಲೆ ಡಿಲೀಟ್ ಮಾಡಿ." ಆಮೇಲೆ ಅನ್ನುವ ಮಾತನ್ನು ನಾನು ಬಹಳ ಗೌರವದಿಂದ ಪಾಲಿಸುವವಳು.

ಅಸಲಿ ತೋಟಗಳನ್ನು ಏರಿಸಲು ಕೂತಾಗ ಗೊತ್ತಾಯಿತು ನೋಡಿ, ನಮ್ಮ ವ್ಯವಹಾರ ಎಷ್ಟು ವಿಚಿತ್ರವಾದದ್ದು ಅಂತ. ಬೈರಕೂರಿನ ಹತ್ತಿರದ ನಾರಾಯಣಮ್ಮನವರ ತೋಟವನ್ನೇ ತೆಗೆದುಕೊಳ್ಳಿ. ಚೌಡಪ್ಪನವರ ತಂದೆ ಮೊಟ್ಟಮೊದಲು ಗುತ್ತಿಗೆ ಹಿಡಿದ ತೋಟ ಅದು. ಅದರ ಬೇನಿಷಾ ಹಣ್ಣನ್ನು ನೋಡಿಯೇ ಬೆಂಗಳೂರಿನವರು ನಮ್ಮ ಜೊತೆ ವ್ಯಾಪಾರಕ್ಕೆ ಒಪ್ಪಿದ್ದು. ಆ ತೋಟದ ಷರತ್ತುಗಳು ಹೀಗಿವೆ: ಬಾವಿ ಪಕ್ಕದ ನಾಟಿ ಮರ ಮನೆಯವರ ಉಪ್ಪಿನಕಾಯಿಗೆ, ಅದನ್ನು ಯಾರೂ ಮುಟ್ಟಬಾರದು. ಬೇಲಿಯಾಚೆಗೆ ಬಿದ್ದ ಹಣ್ಣು ಆ ಹೊಲದವರದು. ಗಿಣಿ ತಿಂದದ್ದಕ್ಕೆ ಯಾರೂ ಯಾರನ್ನೂ ಕೇಳುವಂತಿಲ್ಲ. ನಾನು ಎಲ್ಲವನ್ನೂ "ಇತರೆ" ಅನ್ನುವ ಜಾಗದಲ್ಲಿ ಶ್ರದ್ಧೆಯಿಂದ ತುಂಬಿಸಿದೆ. ಸಾಫ್ಟ್‌ವೇರ್ ಒಂದು ಗಳಿಗೆ ಯೋಚನೆ ಮಾಡಿತು. ಜಾಮೀನುದಾರರಿಲ್ಲ, ಸಾಕ್ಷಿಗಳಿಲ್ಲ, ಗಿಣಿಗಳಿಗೆ ವಿನಾಯಿತಿ ಇದೆ. ನಾರಾಯಣಮ್ಮನವರ ಹೆಸರಿನ ಮುಂದೆ ಕೆಂಪು ಚುಕ್ಕಿ ಇಟ್ಟು, "ಅಪಾಯದ ಮಟ್ಟ: ಅತಿ ಹೆಚ್ಚು" ಎಂದು ಬರೆಯಿತು. ಮಾವಿನ ಕಾಲ ಬಂದರೆ ಊರಿಗೆ ಬಂದವರನ್ನೆಲ್ಲ ಕೂರಿಸಿ ಊಟ ಹಾಕುವ ಹೆಂಗಸಿನ ಹೆಸರಿನ ಮುಂದೆ!

ಕೊನೆಗೆ ಅದೇ ಪ್ರಶ್ನೆ: ಮುಕ್ತಾಯದ ದಿನಾಂಕ. ತುಂಬದಿದ್ದರೆ ಮುಂದಕ್ಕೆ ಹೋಗಲು ಬಿಡುವುದಿಲ್ಲ. ನಾನು ಮೇಘನಾಗೆ ಫೋನ್ ಮಾಡಿದೆ. "ಮಾವು ಯಾವಾಗ ಮುಗಿಯುತ್ತೆ ಅಂತ ಮರಕ್ಕೇ ಗೊತ್ತಿಲ್ಲ ಕಣಮ್ಮ, ನಾನು ಹೆಂಗೆ ಹೇಳ್ಲಿ?" ಎಂದೆ. "ಯಾವ್ದಾದ್ರೂ ಒಂದು ಡೇಟ್ ಹಾಕಿ ಆಂಟಿ, ಆಮೇಲೆ ಬದಲಾಯಿಸ್ಬೋದು" ಅಂದಳು. ಮತ್ತೆ ಆಮೇಲೆ! ಯಾವುದಾದರೂ ಒಂದು ದಿನ ಅಂದರೆ ಯಾವುದು? ನನ್ನ ಹೆಸರಿನ ಮುಂದೆ ಅಮಾವಾಸ್ಯೆ ಹಾಕಿದ್ದಾಯಿತು, ಅದು ನನ್ನ ಹಣೆಬರಹ. ಹತ್ತು ಜನರ ತೋಟಕ್ಕೆ ಹಾಗೆ ಹಾಕಲು ಮನಸ್ಸು ಒಪ್ಪೀತೆ? ರಾಹುಕಾಲ ನೋಡದೆ ಹೊಸ ಪೊರಕೆಯನ್ನೂ ಬಳಸದವಳು ನಾನು. ಪಂಚಾಂಗ ತಿರುವಿದೆ. ಫಸಲಿನ ಕಾಲದಲ್ಲಿ ಬರುವ ಎಲ್ಲಕ್ಕಿಂತ ಒಳ್ಳೆಯ ದಿನ ಯಾವುದು? ಅಕ್ಷಯ ತೃತೀಯ. ಅಂದು ಮಾಡಿದ್ದು ಬೆಳೆಯುತ್ತದೆ, ಕರಗುವುದಿಲ್ಲ ಅನ್ನುತ್ತಾರೆ. ಎಲ್ಲ ತೋಟಗಳಿಗೂ ಅದನ್ನೇ ಹಾಕಿದೆ. ಹಾಕಿ, ಪರದೆಗೆ ಕೈ ಮುಗಿದೆ. ಬೆಳೆಯಲಿ ಎಂದು ಹಾರೈಸಿ ಇಟ್ಟ ದಿನ ಮುಗಿಯುವ ದಿನದ ಮನೆಯಲ್ಲಿ ಹೋಗಿ ಕೂತಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಗಂಟೆಯ ಚಿತ್ರವಿತ್ತು. ಅದರ ಮೇಲೆ ದಿನಾ ಒಂದು ಕೆಂಪು ಅಂಕಿ ಏರುತ್ತಿತ್ತು. ನಮ್ಮ ಮನೆಯವರ ಮೊಬೈಲಿನಲ್ಲೂ ಇಂಥ ಅಂಕಿಗಳು ಬೇಕಾದಷ್ಟಿವೆ. ಅವುಗಳ ಪಾಡಿಗೆ ಅವಿರಲಿ ಅಂತ ನಾವು ಮುಟ್ಟುವುದಿಲ್ಲ. ಇದನ್ನೂ ಮುಟ್ಟಲಿಲ್ಲ. ದಿನಾಂಕ ಹತ್ತಿರ ಬಂತು, ಹತ್ತಿರ ಬಂತು ಎಂದು ಪಾಪ ಆ ಗಂಟೆ ಬಡಿದುಕೊಳ್ಳುತ್ತಿತ್ತಂತೆ.

ಅಕ್ಷಯ ತೃತೀಯದ ದಿನ ನಾನು ಮನೆಯಲ್ಲಿ ಪೂಜೆ ಮುಗಿಸಿ, ಗಸಗಸೆ ಪಾಯಸ ಡಬ್ಬಿಗೆ ಹಾಕಿಕೊಂಡು ಆಫೀಸಿಗೆ ಬಂದರೆ, ಚೌಡಪ್ಪನವರು ಎರಡು ಕಿವಿಗೆ ಎರಡು ಫೋನ್ ಹಿಡಿದು ನಿಂತಿದ್ದರು. ಒಂದನ್ನು ಕೆಳಗಿಟ್ಟು, ಇನ್ನೊಂದನ್ನು ನನಗೆ ತೋರಿಸಿದರು. "ನಿಮ್ಮ ತೋಟದ ಗುತ್ತಿಗೆಯು ಇಂದಿಗೆ ಮುಕ್ತಾಯಗೊಂಡಿರುತ್ತದೆ. ಇದುವರೆಗಿನ ತಮ್ಮ ಸಹಕಾರಕ್ಕೆ ಧನ್ಯವಾದಗಳು." ಬೆಳಗಿನ ಜಾವವೇ ಎಲ್ಲ ತೋಟದವರಿಗೂ ಹೋಗಿತ್ತು. ಕಾಯಿ ಇನ್ನೂ ಮರದ ಮೇಲೇ ಬಲಿಯುತ್ತಿದ್ದ ಹೊತ್ತು! ಪಾಯಸದ ಡಬ್ಬಿಯನ್ನು ಮೇಜಿನ ಮೇಲಿಟ್ಟೆ.

"ಸುಶೀಲಮ್ಮಾ," ಅಂದರು ಚೌಡಪ್ಪನವರು, ಸಿಟ್ಟಿಲ್ಲದೆ, ಏನೋ ಆಶ್ಚರ್ಯ ಕಂಡವರ ಹಾಗೆ. "ನಮ್ಮಪ್ಪನ ಕಾಲದಿಂದ ಒಂದು ತೋಟಾನೂ ಬಿಟ್ಟಿರ್ಲಿಲ್ಲ. ನೀವು ಒಂದೇ ಬೆಳಗ್ಗೆ ಎಲ್ಲಾನೂ ಬಿಟ್ಬಿಟ್ರಲ್ಲಮ್ಮಾ."

"ಅಣ್ಣಾ, ಒಳ್ಳೇ ದಿನ ಅಂತ…" ಎಂದು ಶುರು ಮಾಡಿದೆ. ಮುಗಿಸಲು ಆಗಲಿಲ್ಲ. ಹೇಳಿದೆನಲ್ಲ, ಅದು ನನ್ನ ಹುಟ್ಟುಗುಣ.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಗಡಿಯಾಚೆಯಿಂದ ಬರುವ ಒಬ್ಬ ವ್ಯಾಪಾರಿ ಬಹಳ ದಿನದಿಂದ ನಾರಾಯಣಮ್ಮನವರ ತೋಟದ ಮೇಲೆ ಕಣ್ಣಿಟ್ಟಿದ್ದ. ಮೆಸೇಜಿನ ವಿಷಯ ಅವನ ಕಿವಿಗೆ ಬಿದ್ದು, ಬೆಳಗ್ಗೆಯೇ ಅವರ ಮನೆ ಬಾಗಿಲಿಗೆ ಹೋಗಿ ಕೂತಿದ್ದಾನಂತೆ. ಚೌಡಪ್ಪನವರ ಮುಖ ಆಗ ನಿಜವಾಗಿ ಬಾಡಿತು. ಆ ತೋಟ ಹೋದರೆ ಬೆಂಗಳೂರಿನವರೂ ಹೋದರು. ಗುತ್ತಿಗೆ ಮುಗಿಯಿತು ಎಂದು ಬರೆದು ಕಳಿಸಿದವರು ನಾವೇ ಆದ್ದರಿಂದ ನಾರಾಯಣಮ್ಮನವರನ್ನು ಒಂದು ಮಾತು ಕೇಳುವ ಹಾಗೂ ಇಲ್ಲ. ಅವರ ಮೊಬೈಲು ಸ್ವಿಚ್ ಆಫ್. ಚೌಡಪ್ಪನವರು ಓಮ್ನಿ ಕಾರಿನ ಕೀಲಿ ಹುಡುಕತೊಡಗಿದರು. ನಾನು ಮೇಜಿನ ಕೆಳಗೆ, ಫೈಲಿನ ಕೆಳಗೆ ಹುಡುಕಿದೆ. ಕೀಲಿ ಅವರ ಜೇಬಿನಲ್ಲೇ ಇತ್ತು. ಹಬ್ಬದ ದಿನ ನಾನು ಯಾವ ದೇವರನ್ನೂ ಇಷ್ಟು ಮನಸ್ಸಿಟ್ಟು ಬೇಡಿಕೊಂಡಿರಲಿಲ್ಲ: ಕೆಲಸ ಹೋದರೆ ಹೋಗಲಿ, ಆ ತೋಟ ಉಳಿಯಲಿ.

ಓಮ್ನಿ ಇನ್ನೇನು ಸ್ಟಾರ್ಟ್ ಆಗಬೇಕು, ಬಾಗಿಲಲ್ಲಿ ನಾರಾಯಣಮ್ಮನವರೇ ನಿಂತಿದ್ದರು. ಮುಳಬಾಗಿಲಿಗೆ ಬಂದು, ಅಲ್ಲಿಂದ ಬಸ್ಸು ಬದಲಾಯಿಸಿ, ಬಿಸಿಲಿನಲ್ಲಿ ನಡೆದು ಬಂದಿದ್ದರು. ಒಳಗೆ ಬಂದು ಫ್ಯಾನಿನ ಕೆಳಗೆ ಕೂತು, ಚೊಂಬು ನೀರು ಎತ್ತಿ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡರು.

"ಏಮ್ಮಾ ಸುಶೀಲಾ, ಏನಿದು? ಕಂಡಕ್ಟರ್ ಓದಿ ಹೇಳ್ದ. ಗುತ್ತಿಗೆ ಮುಗಿದೋಯ್ತಂತೆ, ಸಹಕಾರಕ್ಕೆ ಧನ್ಯವಾದ ಅಂತೆ. ನಾನ್ಯಾವಾಗಮ್ಮಾ ನಿಮ್ಗೆ ಸಹಕಾರ ಮಾಡಿದ್ದು? ತೋಟ ಕೊಟ್ಟಿದ್ದೀನಿ, ಅಷ್ಟೇ ಅಲ್ವಾ?"

"ಅಕ್ಕಾ, ಅದು ತಪ್ಪಾಗಿ ಬಂದಿದ್ದು. ಕಂಪ್ಯೂಟ್ರು ಕಳ್ಸಿದ್ದು" ಅಂದರು ಚೌಡಪ್ಪನವರು.

"ಅದು ಕಳ್ಸಿದ್ರೆ ಕಳ್ಸ್ಲಿ ಬಿಡಪ್ಪ. ಬುಟ್ಟಿ ಎಲ್ಲಿ?"

"ಬುಟ್ಟಿನಾ?"

"ಮುಗಿದ್ರೆ ಬುಟ್ಟಿ ಬರ್ಬೇಕಾಗಿತ್ತಲ್ಲ. ನಿಮ್ಮಪ್ಪ ಇದ್ದಾಗ ತಪ್ಪಿಸ್ತಿದ್ನಾ? ಕಾಯೇ ಇಳಿಸಿಲ್ಲ, ಬುಟ್ಟಿ ಹೆಂಗೆ ಬರುತ್ತೆ? ಬುಟ್ಟಿ ಬರ್ಲಿಲ್ಲ ಅಂದ್ಮೇಲೆ ಮುಗಿದಿಲ್ಲ. ಯಾರೋ ಚೌಡಪ್ಪನ ತಲೆ ಕೆಡಿಸವ್ರೆ, ಬುಟ್ಟಿ ಕೊಡ್ದೇನೇ ಮುಗಿಸ್ಬೋದು ಅಂತ ಹೇಳವ್ರೆ, ಹೋಗಿ ಎರಡು ಬೈದು ಬರಾಣ ಅಂತ ಬಂದೆ."

"ಅಮ್ಮಾ, ಆ ವ್ಯಾಪಾರಿ ಬಂದಿದ್ನಂತಲ್ಲ?" ಎಂದೆ.

"ಬಂದಿದ್ದ. ಜಗಲಿ ಮೇಲೆ ಕೂತಿದ್ದ. ಹಬ್ಬದ ದಿನ ಬಂದವ್ನೆ ಅಂತ ಒಬ್ಬಟ್ಟು ಕೊಟ್ಟೆ. ತೋಟ ಖಾಲಿ ಆಯ್ತಂತಲ್ಲಮ್ಮಾ ಅಂದ. ಬುಟ್ಟಿ ಬರ್ಲಿ, ಆಮೇಲೆ ಮಾತಾಡಾಣ ಅಂದೆ. ಯಾವಾಗ ಬರುತ್ತೆ ಅಂದ. ಹಣ್ಣಾದ್ಮೇಲೆ ಅಂದೆ. ಇನ್ನೊಂದು ಒಬ್ಬಟ್ಟು ತಿಂದು ಎದ್ದು ಹೋದ."

ಚೌಡಪ್ಪನವರು ಓಮ್ನಿಯ ಕೀಲಿಯನ್ನು ಮೇಜಿನ ಮೇಲಿಟ್ಟು ಕುರ್ಚಿಗೆ ಒರಗಿದರು. ನಾನು ಪಾಯಸದ ಡಬ್ಬಿ ತೆಗೆದು ನಾರಾಯಣಮ್ಮನವರ ಮುಂದಿಟ್ಟೆ. ಅವರು ಪಾಯಸ ಕುಡಿಯುತ್ತ ಪರದೆಯ ಕಡೆ ಬಗ್ಗಿ ನೋಡಿದರು. "ಇದ್ರಲ್ಲಿ ನನ್ನ ಹೆಸರು ಐತಾ?" ತೋರಿಸಿದೆ. "ಹೆಸರಿನ ಮುಂದೆ ಇದೇನು, ಕೆಂಪಗೆ?" ಅಪಾಯದ ಮಟ್ಟ ಅತಿ ಹೆಚ್ಚು ಎಂದು ಯಾವ ಬಾಯಲ್ಲಿ ಹೇಳಲಿ? "ಮುಖ್ಯವಾದ ತೋಟ ಅಂತ ಗುರುತು ಅಮ್ಮಾ" ಅಂದೆ. "ಒಳ್ಳೇದಾಯ್ತು ಬಿಡು, ಅಳಿಸ್ಬೇಡ" ಅಂದರು. ಇವತ್ತಿನವರೆಗೂ ಅಳಿಸಿಲ್ಲ.

ಉಳಿದ ಪಾಯಸವನ್ನು ಡಬ್ಬಿಯ ಸಮೇತ ಅವರ ಕೈಗಿಟ್ಟು, ಬಸ್ಸು ಹತ್ತಿಸಿ ಬಂದು ಉಳಿದ ತೋಟದವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿದೆ. ಈಗ ನನಗೆ ಹೇಳಬೇಕಾದ ಮಾತು ಗೊತ್ತಿತ್ತು. "ಬುಟ್ಟಿ ಬಂದಿಲ್ಲ ತಾನೆ? ಹಾಗಾದ್ರೆ ಮುಗಿದಿಲ್ಲ." ಎಲ್ಲರೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟರು: ನಾವೂ ಅದನ್ನೇ ಅಂದುಕೊಂಡೆವು. ಹುತ್ತೂರಿನ ಒಬ್ಬರಿಗೆ ಮಾವಿನ ತೋಟದ ಜೊತೆ ರೇಷ್ಮೆಯೂ ಇದೆ. ಅವರಂತೂ, "ಅಯ್ಯೋ, ಹುಳಕ್ಕೆ ಸೊಪ್ಪು ಹಾಕೋದ್ರಲ್ಲಿ ಮೆಸೇಜ್ ಯಾರು ನೋಡ್ತಾರಮ್ಮಾ, ಬುಟ್ಟಿ ಬಂದ್ರೆ ಗೊತ್ತಾಗುತ್ತಲ್ಲ" ಎಂದು ಫೋನಿಟ್ಟರು. ಅಷ್ಟು ಬೇಗ ಫೋನಿಡುವವರನ್ನು ಕಂಡರೆ ನನಗೆ ಯಾವಾಗಲೂ ಹೊಟ್ಟೆಕಿಚ್ಚು.

ಮೇಘನಾಗೆ ವಿಷಯ ತಿಳಿಸಿದಾಗ "ಆಂಟಿ, ಅಕ್ಷಯ ತೃತೀಯಾನ ಎಂಡ್ ಡೇಟ್ ಹಾಕಿದ್ರಾ?" ಅಂದಳು. ನಗು ತಡೆದುಕೊಳ್ಳುತ್ತಿದ್ದಾಳೆಂದು ಗೊತ್ತಾಯಿತು. ತಡೆದುಕೊಂಡಳಲ್ಲ, ಅದು ಅವಳ ದೊಡ್ಡ ಗುಣ. ಹಬ್ಬದ ದಿನವೆಂದೂ ನೋಡದೆ ನನ್ನ ಜೊತೆ ಫೋನಿನಲ್ಲೇ ಕೂತು ಎಲ್ಲ ದಿನಾಂಕಗಳನ್ನೂ ತಿದ್ದಿಸಿದಳು. ಬುಟ್ಟಿಯ ಕಥೆಯನ್ನು ಎರಡು ಸಲ ಕೇಳಿದಳು. ವಾರದೊಳಗೆ ತೋಟದ ಗುತ್ತಿಗೆಗಳಿಗೆ ಮಾತ್ರ ಒಂದು ಹೊಸ ಕಟ್ಟಳೆ ಸೇರಿಸಿಕೊಟ್ಟಳು: "ಬುಟ್ಟಿ ತಲುಪಿದೆಯೇ?" ಎಂದು ಅದು ಕೇಳುತ್ತದೆ, ತೋಟದವರ ಮನೆಯಲ್ಲಿ ಬುಟ್ಟಿ ಇಳಿಸಿದ ಫೋಟೋ ಹಾಕುವವರೆಗೆ ಗುತ್ತಿಗೆ ಮುಗಿಯುವುದಿಲ್ಲ, ಯಾರಿಗೂ ಮೆಸೇಜೂ ಹೋಗುವುದಿಲ್ಲ. ಯಾವ ಕಾಗದದ ಮೇಲೂ ಇಲ್ಲದಿದ್ದ ನಮ್ಮ ಬುಟ್ಟಿ ಹೀಗೆ ಕಂಪ್ಯೂಟರಿನೊಳಗೆ ಹೋಗಿ ಕೂತಿತು.

ಆಮೇಲಿನಿಂದ ನನಗೂ ಆ ಸಾಫ್ಟ್‌ವೇರಿಗೂ ಚೆನ್ನಾಗಿ ಹೊಂದಿಕೆಯಾಗಿದೆ. ನಿಜ ಹೇಳಬೇಕೆಂದರೆ ಅದರಿಂದ ನನಗಾದ ಉಪಕಾರ ಸಣ್ಣದಲ್ಲ. ಬೆಂಗಳೂರಿನವರು ಫೋನಿನಲ್ಲಿ ತೋಟದ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅದರ ಕರಾರು ಅವರ ಕೈಲಿರುತ್ತದೆ. ಮೊದಲಾಗಿದ್ದರೆ ನಾನಿನ್ನೂ ಮೈಸೂರುಪಾಕಿನ ಡಬ್ಬದ ಮುಚ್ಚಳದ ಜೊತೆ ಗುದ್ದಾಡುತ್ತಿದ್ದೆ. ಸಂಜೆ ಕತ್ತಲಾಗುವ ಮೊದಲೇ ಬಸ್ಸು ಹತ್ತಿ, ಮಾಲೂರಿನ ಕಾರ್ಖಾನೆಯಿಂದ ನಮ್ಮ ಮನೆಯವರು ಬರುವ ಹೊತ್ತಿಗೆ ನಾನೂ ಮನೆಯಲ್ಲಿರುತ್ತೇನೆ. ಗಂಟೆಯ ಚಿತ್ರವನ್ನು ಈಗ ಬೆಳಗ್ಗೆ ಬಂದ ತಕ್ಷಣ ಒತ್ತುತ್ತೇನೆ, ದೇವರ ಮನೆಯ ಗಂಟೆಯಷ್ಟೇ ಭಕ್ತಿಯಿಂದ. ಈ ಸಲ ಕೊನೆಯ ಮರಗಳು ಇಳಿದಾಗ ಬಂದ ಫೋಟೋಗಳನ್ನು ನೀವು ನೋಡಬೇಕಿತ್ತು. ಬುಟ್ಟಿಯ ಪಕ್ಕದಲ್ಲಿ ಕೈಕಟ್ಟಿ ನಿಂತ ಅಜ್ಜಂದಿರು, ಬುಟ್ಟಿಯೊಳಗೇ ಕೂತ ಮೊಮ್ಮಗು. ನಾರಾಯಣಮ್ಮನವರು ರೇಷ್ಮೆ ಸೀರೆ ಉಟ್ಟು, ಬುಟ್ಟಿಗೆ ಕುಂಕುಮ ಇಟ್ಟು ನಿಂತಿದ್ದರು. ಕರಾರು ಮುಗಿದದ್ದಕ್ಕೆ ಇಷ್ಟು ಖುಷಿಯಾಗಿ ನಿಂತವರನ್ನು ಆ ಸಾಫ್ಟ್‌ವೇರ್ ಇನ್ನೆಲ್ಲಿ ಕಂಡಿರುತ್ತದೆ?

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಿಲ್ಲಿಸುವುದು ನನಗೆ ಬರುವುದಿಲ್ಲವಲ್ಲ. ಭೀಮನ ಅಮಾವಾಸ್ಯೆಯ ಬೆಳಗ್ಗೆ ನಮ್ಮ ಮನೆಯವರನ್ನು ಮಣೆಯ ಮೇಲೆ ಕೂರಿಸಿ, ಪಾದಪೂಜೆಗೆ ಅರಿಶಿನದ ನೀರು ತಂದಿದ್ದೆ. ನನ್ನ ಮೊಬೈಲು ಟಿಣ್ ಅಂದಿತು. ಅವರೇ ಕೈ ಚಾಚಿ ತೆಗೆದುಕೊಂಡು ಓದಿದರು. "ಶ್ರೀಮತಿ ಸುಶೀಲಾ ಅವರೇ, ನಿಮ್ಮ ಕರಾರು ಇಂದಿಗೆ ಮುಕ್ತಾಯಗೊಂಡಿರುತ್ತದೆ. ಇದುವರೆಗಿನ ತಮ್ಮ ಸಹಕಾರಕ್ಕೆ ಧನ್ಯವಾದಗಳು." ಅಭ್ಯಾಸಕ್ಕೆಂದು ಬರೆದು, ಗಂಟೆ ನೆನಪಿಸಿದಾಗಲೂ ಆಮೇಲೆ ಅಳಿಸುತ್ತೇನೆಂದು ಬಿಟ್ಟ ಕರಾರು! ಗೊತ್ತಿದ್ದೂ ಮೊಬೈಲು ಕಿತ್ತುಕೊಂಡು ಇನ್ನೊಂದು ಸಲ ಓದಿದೆ. ನಮ್ಮ ಮನೆಯವರು ಮಾತ್ರ ಕಾಲು ಚಾಚಿಕೊಂಡೇ ಕೇಳಿದರು, "ಬುಟ್ಟಿ ಬಂತೇನೇ?"

"ಇಲ್ಲ."

"ಹಂಗಾದ್ರೆ ಮುಗಿದಿಲ್ಲ. ಬೇಗ ನೀರು ಹಾಕು, ನಿಂಗೂ ಬಸ್ಸಿಗೆ ಹೊತ್ತಾಗುತ್ತೆ."

ಸಮಾಧಾನವಾಗಿ ಆಫೀಸಿಗೆ ಹೋದೆ. ಬಾಗಿಲು ದಾಟಿ ನೋಡುತ್ತೇನೆ, ನನ್ನ ಮೇಜಿನ ಮೇಲೆ, ಕಂಪ್ಯೂಟರಿನ ಪಕ್ಕದಲ್ಲಿ, ಒಂದು ಬಿದಿರು ಬುಟ್ಟಿ! ತುಂಬ ಹಣ್ಣು, ಮೇಲೆ ಮಾವಿನ ಎಲೆ. ಎರಡು ಹೆಜ್ಜೆ ಹಿಂದಕ್ಕಿಟ್ಟೆ. ಚೌಡಪ್ಪನವರು ಒಳಗಿನಿಂದ ನಗುತ್ತ ಬಂದರು. "ನಿಮಗೇ ಸುಶೀಲಮ್ಮ. ನಾರಾಯಣಮ್ಮ ಕಳ್ಸವ್ರೆ, ತಂದ ಆಟೋ ಇನ್ನೂ ಹೊರಗೇ ನಿಂತೈತೆ. ಬಾವಿ ಪಕ್ಕದ ಮರದ್ದು, ನಮ್ಗೂ ಯಾವತ್ತೂ ಕೊಟ್ಟಿರ್ಲಿಲ್ಲ. ಪಾಯಸ ಕುಡಿದಿದ್ದೆ, ಡಬ್ಬಿ ಬರೀದು ಕೊಡಬಾರ್ದು ಅಂದ್ರಂತೆ."

ಮನೆಯ ಉಪ್ಪಿನಕಾಯಿಗೆಂದು ಯಾರಿಗೂ ಬಿಡದ ಮರ ಅದು. ಕಣ್ಣು ತುಂಬಿ ಬಂತು. ಆ ತಾಯಿ ಚೆನ್ನಾಗಿರಲಿ ಎಂದು ಅಲ್ಲೇ ಮನಸ್ಸಿನಲ್ಲಿ ಕೈ ಮುಗಿದೆ. ಆದರೂ ಕುರ್ಚಿಯಲ್ಲಿ ಕೂರುವ ಮೊದಲು ಎರಡು ಕೆಲಸ ಮಾಡಿದೆ. ನನ್ನ ಹಳೆಯ ಬಟ್ಟೆಯ ಚೀಲ ತೆಗೆದು ಹಣ್ಣನ್ನೆಲ್ಲ ಅದಕ್ಕೆ ಸುರಿದುಕೊಂಡೆ. ಖಾಲಿ ಬುಟ್ಟಿಯನ್ನು, ಯಾರಾದರೂ ಫೋಟೋ ತೆಗೆಯುವ ಮೊದಲೇ, ಬಂದ ಆಟೋದಲ್ಲೇ ವಾಪಸು ಕಳಿಸಿಬಿಟ್ಟೆ.